ಒಳಗಡಿಗೆಯ ಹೊಸ್ತಿಲು

ಮಲಕಪ್ಪನ ಮೇಲೆ ಕೊಡಲಿ ಬೀಳಬೇಕಾಗಿದ್ದದ್ದು ಒಂದೇ ಸಲ. ಕೋರ್ಟು ಬರೆದುಕೊಟ್ಟಿದ್ದೂ ಅಷ್ಟೇ, ಕಾಯಿದೆ ಹೇಳುವುದೂ ಅಷ್ಟೇ. ಖಂಡೆ ಪೂಜೆಯ ದಿನ ಮಧ್ಯಾಹ್ನದ ಹೊತ್ತಿಗೆ ಅದು ಎಷ್ಟು ಸಲ ಬಿದ್ದಿತೆಂದು ಎಣಿಸುವುದನ್ನೇ ಮಹಾನಂದಾ ಬಿಟ್ಟುಬಿಟ್ಟಿದ್ದಳು.

ಕರಿಗುಡ್ಡದ ಜೈಲಿನ ಯಂತ್ರದ ಕೋಣೆಯಲ್ಲಿ ಅವನು ಮಂಚದ ಮೇಲೆ ಮಲಗಿದ್ದ. ಕೈಕಾಲಿಗೆ ಸಡಿಲವಾದ ಪಟ್ಟಿ, ತಲೆಗೆ ತಂತಿಯ ಟೋಪಿ. ಯಾರೂ ಅವನ ಮೈ ಮುಟ್ಟಿರಲಿಲ್ಲ. ಆದರೂ ಎಡಭುಜದಿಂದ ಎದೆಯ ತನಕ ಕೆಂಪಗೆ ಬಾಸುಂಡೆ ಎದ್ದಿತ್ತು. ನಾಲಿಗೆ ಕಚ್ಚಿಕೊಂಡು ಬಾಯಿಂದ ಸುರಿದ ರಕ್ತ ಗದ್ದ ದಾಟಿ ದಿಂಬಿಗೆ ಇಳಿದಿತ್ತು. ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಆಮೇಲೆ ಕಾಲುಗಳು ಓಡುವವನ ಹಾಗೆ ಬಡಿದುಕೊಳ್ಳುತ್ತಿದ್ದವು. ಬಲಗೈ ಮುಷ್ಟಿ ಕಟ್ಟಿ ಪಟ್ಟಿಯೊಳಗೇ ಏನನ್ನೋ ಬಡಿಯುತ್ತಿತ್ತು. “ಯವ್ವಾ, ತಗಿಯವ್ವಾ,” ಎನ್ನುತ್ತಿದ್ದ. ಅಷ್ಟರಲ್ಲಿ ಇಡೀ ಮೈ ಒಮ್ಮೆ ಮೇಲಕ್ಕೆ ಹಾರಿ ಮಂಚಕ್ಕೆ ಅಪ್ಪಳಿಸುತ್ತಿತ್ತು. ಮತ್ತೆ ಸುಮ್ಮನೆ. ಮತ್ತೆ ಮೊದಲಿನಿಂದ.

ಆ ಕಾಯಿದೆಗೆ ಜನ ತಿರುಗೇಟಿನ ಕಾಯಿದೆ ಎಂದು ಹೆಸರಿಟ್ಟಿದ್ದರು. ಕೊಂದವನು ಸತ್ತವನ ಕೊನೆಯ ಗಳಿಗೆಯನ್ನು ಸತ್ತವನ ಮೈಯಲ್ಲೇ ಇದ್ದು ಒಮ್ಮೆ ಅನುಭವಿಸಬೇಕು. ಅನುಭವಿಸಿದರೆ ಉಳಿದ ಶಿಕ್ಷೆ ಅರ್ಧಕ್ಕೆ ಇಳಿಯುತ್ತದೆ. ಗಲ್ಲಿಗಿಂತ ಇದು ಎಷ್ಟೋ ಮೇಲು ಎಂದು ದೊಡ್ಡವರು ಭಾಷಣ ಮಾಡಿದರು. ಭಾಷಣ ಮಾಡಿದವರಲ್ಲಿ ಒಬ್ಬರೂ ಆ ಮಂಚದ ಮೇಲೆ ಮಲಗಿ ನೋಡಿರಲಿಲ್ಲ ಬಿಡಿ.

ಯಂತ್ರ ನೋಡುವುದಕ್ಕೆ ಒಂದೇ. ಆದರೆ ಅದರ ಹೊಟ್ಟೆಯಲ್ಲಿ ತಾನೂ ಯಂತ್ರವೇ ಎಂದುಕೊಂಡಿರುವ ಇನ್ನೊಂದಿತ್ತು, ಅದರ ಹೊಟ್ಟೆಯಲ್ಲಿ ಮತ್ತೊಂದು. ತಗಡು, ತಂತಿ, ಫ್ಯಾನು ಇರುವುದು ಹೊರಗಿನದಕ್ಕೆ ಮಾತ್ರ. ಒಳಗಿನವೆರಡೂ ಬರೀ ಲೆಕ್ಕ. ಜೈಲಿನವರು ಅವಕ್ಕೆ ಹೊರಗಡಿಗೆ, ನಡುಗಡಿಗೆ, ಒಳಗಡಿಗೆ ಎನ್ನುತ್ತಿದ್ದರು. ಮನೆಯಲ್ಲಿ ಒಂದರೊಳಗೊಂದು ಗಡಿಗೆ ಇಟ್ಟ ಹಾಗೇ ಅನ್ನಿ. ನಡುಗಡಿಗೆಯಲ್ಲಿ ಒಂದು ಓಣಿ ಇರುತ್ತಿತ್ತು: ಸಾಕ್ಷಿಗಳು ಹೇಳಿದ ಮನೆಗಳು, ಬಾಗಿಲುಗಳು, ಬೇವಿನಮರ, ಕೊಡಲಿ ಹಿಡಿದು ಬರುವವನು. ಒಳಗಡಿಗೆಯಲ್ಲಿ ಒಬ್ಬನೇ ಒಬ್ಬನ ಮೈ, ಸತ್ತವನದು. ಅವನ ಕಣ್ಣು, ಅವನ ಉಸಿರು, ಅವನ ನೋವು. ಕೊಂದವನನ್ನು ಕೂರಿಸುವುದು ಅದರಲ್ಲಿ. ಯಾರೂ ಲಂಚ ತಿಂದು ಏಟಿನ ಬಿಸಿ ಕಡಿಮೆ ಮಾಡಬಾರದೆಂದು ನಡುಗಡಿಗೆಗೆ ಕೋರ್ಟಿನ ಮೊಹರು ಬಿದ್ದಿರುತ್ತಿತ್ತು. ಹೊರಗಿನಿಂದ ಅದರೊಳಗೆ ಕೈ ಹಾಕುವಂತಿರಲಿಲ್ಲ.

ಮಲಕಪ್ಪ ಕೊಂದಿದ್ದು ಒಡಹುಟ್ಟಿದ ತಮ್ಮ ಸಿದರಾಯನನ್ನು. ಕಾರಣ ಒಂದು ಟಗರು. ಕಾಳಗದಲ್ಲಿ ಸೋಲೆಂಬುದನ್ನೇ ಕಾಣದ ಟಗರು ಒಂದು ಬೆಳಗ್ಗೆ ಗೂಟದ ಬುಡದಲ್ಲಿ ಸತ್ತು ಬಿದ್ದಿತ್ತು. ತಮ್ಮನೇ ವಿಷ ಹಾಕಿದ್ದಾನೆಂದು ಮಲಕಪ್ಪನ ತಲೆ ಕೆಟ್ಟಿತು, ಕೈಗೆ ಕೊಡಲಿ ಬಂತು. ಸಿದರಾಯ ಓಣಿಯುದ್ದಕ್ಕೂ ಓಡಿ ಅವ್ವನ ಬಾಗಿಲು ಬಡಿದ. ಅವ್ವ ನಿಂಬೆವ್ವ ಒಳಗೇ ಇದ್ದಳು. ಇಬ್ಬರದೂ ಒಂದೇ ದನಿ. ಕೊಡಲಿಯವನೇ ಬಂದನೆಂದು ಹೆದರಿ ಅಗಳಿ ಹಾಕಿಕೊಂಡಳು. ಕೋರ್ಟಿನಲ್ಲೂ ಅದನ್ನೇ ಹೇಳಿದಳು, ಒಂದು ಮಾತೂ ಮುಚ್ಚಿಡಲಿಲ್ಲ. ಟಗರು ಜೋಳ ತಿಂದು ಹೊಟ್ಟೆ ಉಬ್ಬಿ ಸತ್ತಿದ್ದೆಂದು ದನದ ಡಾಕ್ಟರು ಹೇಳುವ ಹೊತ್ತಿಗೆ ಸಿದರಾಯನ ಬೂದಿಯೂ ತಣ್ಣಗಾಗಿತ್ತು.

ಇನ್ನು ತಪ್ಪಿನ ಮಾತು. ತಪ್ಪು ಮಾಡಿದ್ದು ಯಂತ್ರವಲ್ಲ, ಅದನ್ನು ನೋಡಿಕೊಳ್ಳುವ ಇಂಜಿನಿಯರ್ ಮಹಾನಂದಾ ಬಡಿಗೇರ. ಬಡಿಗರ ಮನೆಯ ಹೆಣ್ಣುಮಗಳು. ಖಂಡೆ ಪೂಜೆಯ ದಿನ ಅಪ್ಪ ಉಳಿ, ಬಾಚಿ, ಗರಗಸ ಎಲ್ಲ ತೊಳೆದು, ವಿಭೂತಿ ಹಚ್ಚಿ, ಸಂಜೆಯ ತನಕ ಮುಟ್ಟುತ್ತಿರಲಿಲ್ಲ. ದುಡಿಯುವ ಹತಾರಕ್ಕೆ ಕುಂಕುಮ ಹಚ್ಚುವಾಗ ಅದು ಸುಮ್ಮನಿರಬೇಕು ಎಂಬುದು ಅವಳಿಗೆ ಹಾಲಿನೊಂದಿಗೆ ಬಂದ ಮಾತು. ಪ್ರತಿ ವರ್ಷ ಯಂತ್ರ ಖಾಲಿ ಇರುತ್ತಿತ್ತು, ಪೂಜೆ ಆಗುತ್ತಿತ್ತು, ಎಲ್ಲರೂ ಪ್ರಸಾದ ತಿನ್ನುತ್ತಿದ್ದರು. ಈ ವರ್ಷ ಕೋರ್ಟಿನ ತಾರೀಖು ಅದೇ ಬೆಳಗ್ಗೆ ಬಿತ್ತು. ಮಲಕಪ್ಪ ಒಳಗೆ ಹೋಗಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಸೂಪರಿಂಟೆಂಡೆಂಟ್ ಹಂಚಿನಾಳರು ಬೂದುಗುಂಬಳಕಾಯಿ ಹಿಡಿಸಿಕೊಂಡು ಬಂದರು.

“ಮೇಡಂ, ಯಂತ್ರ ಓಡಾಕತ್ತದಲ್ರಿ. ಪೂಜಾ ಹೆಂಗ?”

“ಒಂದೀಟು ಹೊತ್ತು ನಿಲ್ಲಸ್ತೀನ್ರಿ ಸರ್. ಫೋಟೋದಾಗಿನ ಮನಷ್ಯಾರ ಗತೆ ಎಲ್ಲಾರೂ ನಿಂತಲ್ಲೇ ನಿಂತಿರ್ತಾರ. ಅಂವಗ ಗೊತ್ತ ಆಗಂಗಿಲ್ಲ,” ಎಂದು ಅವಳೇ ಗುಂಡಿ ಒತ್ತಿದಳು. ಚೆಂಡುಹೂವು ಏರಿಸಿದರು, ಊದಿನಕಡ್ಡಿ ಹಚ್ಚಿದರು, ಬಾಗಿಲಲ್ಲಿ ಕುಂಬಳಕಾಯಿ ಒಡೆದರು. ಆಮೇಲೆ ಅವಳು ಮತ್ತೆ ಗುಂಡಿ ಒತ್ತಿದಳು.

ಆಗ ಶುರುವಾಯಿತು ನೋಡಿ. ಹೊರಗಡಿಗೆಯೇನೋ ಎದ್ದು ಕೂತಿತು. ಆದರೆ ನಡುಗಡಿಗೆ ಗಡಿಯಾರ ನೋಡಿಕೊಂಡು, ಅಯ್ಯೋ ನಾನು ಹಿಂದೆ ಬಿದ್ದಿದ್ದೇನೆ ಎಂದು ತನ್ನ ಹೊತ್ತನ್ನು ಮುಂದಕ್ಕೆ ಓಡಿಸಿತು. ಒಳಗಡಿಗೆಗೂ ಓಡು ಎಂದಿತು. ಒಳಗಡಿಗೆಗೆ ಗೊತ್ತಿರುವುದು ಒಂದೇ ಓಟ, ಸಿದರಾಯನದು. ಅದನ್ನೇ ಓಡಿತು. ಓಡುವುದಕ್ಕೂ ಹೊತ್ತು ಹಿಡಿಯಿತಲ್ಲ, ಅಷ್ಟರಲ್ಲಿ ನಡುಗಡಿಗೆ ಮತ್ತೆ ಹಿಂದೆ ಬಿದ್ದಿತು. ಮತ್ತೆ ಓಡು ಎಂದಿತು. ಒಬ್ಬರ ಗಡಿಯಾರ ನೋಡಿ ಇನ್ನೊಬ್ಬರು ತಿದ್ದಿಕೊಳ್ಳುವ ಇಬ್ಬರು ಮುಠ್ಠಾಳರು ಸಿಕ್ಕ ಹಾಗಾಯಿತು. ಆ ಎರಡರ ನಡುವೆ ಒಬ್ಬ ಮನುಷ್ಯ ಕೊಡಲಿಗೆ ಸಿಕ್ಕಿಬಿದ್ದಿದ್ದ.

ಇದನ್ನು ಕಂಡುಹಿಡಿಯುವುದೇ ಅವಳಿಗೆ ಸಾಕುಬೇಕಾಯಿತು. ಹೊರಗಡಿಗೆಯನ್ನು ಕೇಳಿದರೆ ಎಲ್ಲ ಸರಿಯಿದೆ ಎಂದಿತು. ನಡುಗಡಿಗೆ ಮೊಹರಿನಾಚೆಯಿಂದ ನನ್ನದೂ ಸರಿಯಿದೆ ಎಂದಿತು. ಒಳಗಿನದಂತೂ ಇನ್ನೂ ಸರಿ. ಪ್ರತಿಯೊಂದೂ ತನ್ನ ಮಟ್ಟಿಗೆ ನಿಜವನ್ನೇ ಹೇಳುತ್ತಿತ್ತು. ಹೊರಗಡಿಗೆಯ ಓಟ ನಿಧಾನ ಮಾಡಿ ನೋಡಿದಳು. ಮಲಕಪ್ಪ ನಿಧಾನವಾಗಿ ಸತ್ತ, ಅದು ಇನ್ನೂ ಘೋರವಾಗಿತ್ತು. ಅದರ ನೆನಪಿನ ಜಾಗ ಹೆಚ್ಚಿಸಿದಳು. ಏನೂ ಆಗಲಿಲ್ಲ. ನಿಲ್ಲಿಸುವ ಗುಂಡಿ ಮತ್ತೆ ಒತ್ತಿದಳು, ಹಿಂದೆ ಬಿದ್ದು ಓಡುತ್ತಿದ್ದ ನಡುಗಡಿಗೆ ಅದಕ್ಕೆ ಕಿವಿಗೊಡಲಿಲ್ಲ.

“ತಂತಿ ಕಿತ್ತ ಒಗೀರಿ ಅತ್ಲಾಗ,” ಎಂದರು ಹಂಚಿನಾಳ.

“ಕೀಳಬಾರದ್ರಿ ಸರ್. ಒಳಗಿನದು ಮೊದಲು ನಿಲ್ಲಬೇಕು, ಆಮ್ಯಾಲ ನಡುವಿಂದು, ಆಮ್ಯಾಲ ಹೊರಗಿಂದು. ಹೊರಗಿಂದ ಕಿತ್ತರ ಅವನ ಜೀವ ಒಳಗ ಉಳೀತದ. ಈ ಯಂತ್ರ ಮಾಡಿದವರು ಮೊದಲನೇ ಸಲ ಹಂಗ ಮಾಡಿ ಒಬ್ಬಂವನ್ನ ಕೊಂದಾರ. ನಮಗ ಕಲಿಸೂ ಮುಂದ ಅದನ್ನ ತೋರಿಸಿದ್ರು.”

ಜೈಲಿನ ಡಾಕ್ಟರು ಮಲಕಪ್ಪನ ಮಣಿಕಟ್ಟು ಹಿಡಿದು ಕೂತಿದ್ದರು. ಸಂಜೆಯ ಮಾತು ಬಿಡಿ, ಹೊತ್ತು ಇಳಿಯುವ ತನಕವೂ ಈ ಎದೆ ತಡೆಯುವುದಿಲ್ಲ ಎಂದರು. ಆ ಮಾತಿನ ನಡುವೆಯೇ ಮಂಚ ಮತ್ತೊಮ್ಮೆ ಧಡ್ ಎಂದಿತು.

ಕೊಲೆಗಾರನನ್ನು ಕೊಂದರೂ ಕೊಲೆಯೇ. ಅದೂ ಹೂವೇರಿಸಿ, ಊದಿನಕಡ್ಡಿ ಹಚ್ಚಿ. ಮಹಾನಂದಾ ತಲೆ ಹಿಡಿದುಕೊಂಡು ಕೂತಿದ್ದಾಗ ಯಂತ್ರದ ಒಂದು ಕೊರತೆ ನೆನಪಾಯಿತು. ಒಳಗಡಿಗೆಗೆ ಓಣಿ ಗೊತ್ತು, ಮನೆಯ ಒಳಗು ಗೊತ್ತಿಲ್ಲ. ಸಿದರಾಯ ಅಂದು ಹೊಸ್ತಿಲು ದಾಟಲೇ ಇಲ್ಲವಲ್ಲ, ಅದಕ್ಕೆ ಅಲ್ಲಿಂದಾಚೆ ಲೆಕ್ಕವನ್ನೇ ಹಾಕಿಲ್ಲ. ದಾಟಿಬಿಟ್ಟರೆ ಮುಂದೇನು ತೋರಿಸಬೇಕೆಂದು ತಿಳಿಯದೆ ಅದು ತಾನಾಗಿ ನಿಂತುಹೋಗುತ್ತದೆ. ಬಾಗಿಲು ತೆರೆದರೆ ಸಾಕು.

ಆದರೆ ಬಾಗಿಲು ತೆರೆಯುವವರು ಯಾರು? ಮೊಹರು ಬಿದ್ದ ಓಣಿಯೊಳಗೆ ಹೋಗಲು ದಾರಿ ಇರುವುದು ಸಾಕ್ಷಿಗಳಿಗೆ ಮಾತ್ರ. ವಿಚಾರಣೆಯ ಕಾಲಕ್ಕೆ ಪ್ರತಿ ಸಾಕ್ಷಿಯೂ ಟೋಪಿ ಹಾಕಿಕೊಂಡು, ತಾನಿದ್ದ ಜಾಗದಲ್ಲಿ ನಿಂತು, ಹೌದು ಹೀಗೇ ಇತ್ತು ಎನ್ನಬೇಕಿತ್ತು. ಆ ಬಾಗಿಲ ಹಿಂದಿನ ಜಾಗ ಒಬ್ಬಳದೇ.

ಜೀಪು ಹಳ್ಳಿ ಮುಟ್ಟಿದಾಗ ಮಹಾನಂದಾ ಓಣಿಯ ಗುರುತು ಹಿಡಿದಳು. ವರ್ಷಗಟ್ಟಲೆ ಲೆಕ್ಕದಲ್ಲಿ ಓಣಿಗಳನ್ನು ಓಡಿಸಿದ್ದಳು, ನಿಜವಾದದ್ದನ್ನು ಕಂಡಿರಲಿಲ್ಲ. ಅದೇ ಬೇವಿನಮರ, ಅದೇ ತಿರುವು. ಎತ್ತಿನಗಾಡಿಗೆ, ಟ್ರ್ಯಾಕ್ಟರಿಗೆ ಚೆಂಡುಹೂವು ಏರಿಸಿದ್ದರು. ನಿಂಬೆವ್ವನ ಮನೆಗೆ ಮಾತ್ರ ಬಾಗಿಲೇ ಇರಲಿಲ್ಲ. ಚೌಕಟ್ಟಿತ್ತು, ಕದವಿಲ್ಲ. ಗೋಣಿತಟ್ಟು ಇಳಿಬಿಟ್ಟಿದ್ದಳು.

ಒಳಗೆ ಮುದುಕಿ ರೊಟ್ಟಿ ಬಡಿಯುತ್ತಿದ್ದಳು.

“ಆಯಿ, ನಾ ಜೈಲಿನಾಕಿ. ಯಂತ್ರ ನೋಡ್ಕೋಳಾಕಿ.”

“ಸತ್ತನೇನು?”

“ಇಲ್ಲ. ಗಳಿಗಿಗೊಮ್ಮೆ ಸಾಯಾಕತ್ತಾನ. ಯಂತ್ರ ಕೆಟ್ಟದ. ಕೆಡಿಸಿದಾಕಿ ನಾನ.”

ನಿಂಬೆವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. “ಸಾಯ್ಲಿ ಬಿಡು. ನನ್ನ ಸಿದರಾಯನ್ನ ಕುರಿ ಕಡದಂಗ ಕಡದಾನ. ಆ ನೆತ್ತರಾ ನಾನ ಬಳದೀನಿ ಈ ಕೈಲೆ. ಹೊಸ್ತಿಲದಾಗಿನ ಬಿರುಕಿನಾಗ ಹೊಕ್ಕಿದ್ದು ಇನ್ನೂ ಹೋಗಿಲ್ಲ. ನೂರು ಸಲ ಸಾಯ್ಲಿ.”

ಮಹಾನಂದಾ ಅವಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಹೇಳುವ ಮುಖವೂ ಅವಳಿಗಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು: ಪೂಜೆ, ಗುಂಡಿ, ಗಡಿಯಾರ, ಬಾಗಿಲು.

ಮುದುಕಿಯ ಕೈ ಅಲ್ಲೇ ನಿಂತಿತು. “ಬಾಗಲಾ ಬಡೀತಾನಂದ್ಯಲ್ಲ. ಯಾರು ಬಡ್ಯಾಂವ?”

“ಮೈ ಸಿದರಾಯಂದು. ಮುಖಾನೂ ಅವಂದ. ಒಳಗ ಇರಾಂವ ಮಲಕಪ್ಪ. ಸುಳ್ಳ ಹೇಳಂಗಿಲ್ಲ ಆಯಿ ನಿನಗ.”

“ಏನಂತಾನ?”

“ಯವ್ವಾ, ತಗಿಯವ್ವಾ ಅಂತಾನ.”

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ನಿಂಬೆವ್ವ ಅದನ್ನು ನೋಡುತ್ತಲೇ ಇದ್ದಳು. “ಅವತ್ತ ಅಗಳಿ ಹಾಕಿ ಕೈ ಅದರ ಮ್ಯಾಲ ಇಟಗೊಂಡು ನಿಂತಿದ್ದೆ ಯವ್ವಾ. ಅತ್ಲಾಗಿಂದ ಬಡದದ್ದು ಇಲ್ಲಿ ಅಂಗೈಗೆ ಬಡೀತಿತ್ತು. ಆಮ್ಯಾಲ ಬಡೀಲಿಲ್ಲ.” ಅಂಗೈ ನೋಡಿಕೊಂಡು ಕೇಳಿದಳು, “ಈಗೂ ಬಡ್ಯಾಕತ್ತಾನು?”

“ಈಗೂ.”

ಮುದುಕಿ ಕೊಡ ಎತ್ತಿ ಒಲೆಗೆ ನೀರು ಸುರಿದಳು. “ನಡಿ,” ಎಂದಳು.

ಯಂತ್ರದ ಕೋಣೆಗೆ ಬಂದ ಮೇಲೂ ಅವಳು ಮಂಚದ ಕಡೆ ಮುಖ ತಿರುಗಿಸಲಿಲ್ಲ. ಸಾಕ್ಷಿಯ ಕುರ್ಚಿಯ ಮೇಲೆ ಕೂತು, ತಾನೇ ಸೆರಗು ಸರಿಸಿ ಟೋಪಿಗೆ ತಲೆ ಕೊಟ್ಟಳು. ಗೋಡೆಯ ಮೇಲೆ ಮೂರು ಹಸಿರು ದೀಪ, ಗಡಿಗೆಗೊಂದು. ನಡುಗಡಿಗೆಗೆ ಸಾಕ್ಷಿಯ ಗುರುತು ಸಿಕ್ಕಿತು, ಒಳಗೆ ಬಿಟ್ಟುಕೊಂಡಿತು. ಹೊರಗಿದ್ದವರಿಗೆ ಒಳಗಿನದೇನೂ ಕಾಣುವಂತಿರಲಿಲ್ಲ. ಎರಡು ಮೈಗಳನ್ನು ನೋಡುತ್ತ, ಎರಡು ಬಾಯಿಗಳ ಮಾತು ಕೇಳುತ್ತ ಕೂರಬೇಕು, ಅಷ್ಟೇ. ಮಹಾನಂದಾ ಮುದುಕಿಯ ಎಡಗೈ ಹಿಡಿದುಕೊಂಡಳು.

“ಕತ್ತಲದ,” ಎಂದಳು ನಿಂಬೆವ್ವ ಕಣ್ಣು ಮುಚ್ಚಿಕೊಂಡೇ. “ಅಗಳಿ ಇಲ್ಲೇ ಅದ. ಹಾಕೇದ.”

ಮಂಚದ ಮೇಲೆ ಕಾಲುಗಳು ಓಡತೊಡಗಿದವು. ಮುಷ್ಟಿ ಬಡಿಯಿತು. “ಯವ್ವಾ, ತಗಿಯವ್ವಾ.”

ಮುದುಕಿಯ ಬಲಗೈ ಗಾಳಿಯಲ್ಲಿ ಎದ್ದಿತು. ಎದ್ದದ್ದು ಅಲ್ಲೇ ನಿಂತಿತು. ತೆಗೆಯುವ ಬದಲು ಒತ್ತಿ ಹಿಡಿಯಿತು. ಮಲಕಪ್ಪನ ಮೈ ಹಾರಿ ಬಿದ್ದಿತು. ಬಾಯಿಯ ರಕ್ತ ಗೋಡೆಗೆ, ಚೆಂಡುಹೂವಿನ ಹಾರಕ್ಕೆ ಸಿಡಿಯಿತು. ನಾಡಿ ಜಾರುತ್ತಿದೆ ಎಂದರು ಡಾಕ್ಟರು.

“ಆಗವಲ್ದು,” ಎಂದು ನರಳಿದಳು ನಿಂಬೆವ್ವ. “ಕೈ ಬರವಲ್ದವ್ವಾ. ಅವತ್ತಿನಂಗ ಆಗ್ತದ. ಕೊಡ್ಲಿ ಸಪ್ಪಳ ಕೇಳಿದಿ ಏನು? ಹಸಿ ಕಟ್ಟಿಗಿ ಸೀಳಿದಂಗ.”

ಮಹಾನಂದಾ ಅವಳ ಕಿವಿಗೆ ಬಾಯಿ ಹಚ್ಚಿದಳು. “ಅವತ್ತ ನಿನಗ ಗೊತ್ತಿರಲಿಲ್ಲ ಆಯಿ. ಇವತ್ತ ಗೊತ್ತದ. ಬಾಗಲಾ ಬಡ್ಯಾಂವನ ಕೈಯಾಗ ಕೊಡ್ಲಿ ಇಲ್ಲ.”

ಕಾಲುಗಳು ಮತ್ತೆ ಓಡಿದವು, ಮೊದಲಿಗಿಂತ ಸೋತು. ಮುಷ್ಟಿ ಬಡಿಯಿತು. ಬಾಯಿಂದ ಮಾತು ಹೊರಡಲಿಲ್ಲ, ಬರೀ ಗೊರಗೊರ. ಮುದುಕಿ ಹಲ್ಲು ಕಚ್ಚಿದಳು, ಕೊರಳ ನರ ಉಬ್ಬಿದವು, ಬಲಗೈ ಏನನ್ನೋ ಜಗ್ಗಿ ಪಕ್ಕಕ್ಕೆ ಎಸೆಯಿತು.

“ಸಿದರಾಯಾ,” ಎಂದಳು. ಆ ದನಿ ಕೇಳಿ ಹಂಚಿನಾಳರು ಗೋಡೆಯ ಕಡೆ ಮುಖ ಮಾಡಿದರು. “ಎಷ್ಟ ಬೆವತೀಯೋ ನನ್ನ ಕೂಸ. ಬಾ, ಒಳಗ ಬಾ.”

ಆಮೇಲೆ ಅವಳ ಮುಖ ಕೆಟ್ಟಿತು. ಅವನ ಬೆನ್ನ ಹಿಂದೆ ಬರುತ್ತಿರುವವನನ್ನು ಕಂಡಳು. ಅವನಿಗೆ ಮಲಕಪ್ಪನ ಮುಖ. ಮಹಾನಂದಾಳ ಹಿಡಿತದಿಂದ ಎಡಗೈ ಕಿತ್ತುಕೊಂಡು, ಕುರ್ಚಿಯ ಮೇಲೆ ಅರ್ಧ ಎದ್ದು, ಒಂದು ಕೈಯಿಂದ ಯಾರನ್ನೋ ಅಂಗಿ ಹಿಡಿದು ಜಗ್ಗುತ್ತ, ಇನ್ನೊಂದು ಕೈ ಮುಂದೆ ಚಾಚಿದಳು. “ಹೊಡಿ, ನನಗ ಹೊಡಿ, ಭಾಡ್ಯಾ. ಈ ಹೊಟ್ಟ್ಯಾಗಿಂದ ಬಂದೀದಿ, ಇಲ್ಲೇ ಹೊಡಿ.”

ಕೊಡಲಿ ಬಿದ್ದದ್ದು ಮುಂಗೈ ಮೇಲೆ. ಮಹಾನಂದಾಳ ಕಣ್ಣೆದುರಿಗೇ ಆ ಸುಕ್ಕು ಚರ್ಮದ ಮೇಲೆ ಮೊಣಕೈಯಿಂದ ಮಣಿಕಟ್ಟಿನ ತನಕ ಕಪ್ಪು ಕೆಂಪಗೆ ಬಾಸುಂಡೆ ಹರಿಯಿತು. ನಿಂಬೆವ್ವ ಅರಚಿದಳು, ಜೈಲಿನ ಅಂಗಳದ ತನಕ ಕೇಳಿಸುವ ಹಾಗೆ. ಎರಡನೇ ಏಟು ಹೆಗಲಿಗೆ ಬಿತ್ತು. ಕೈ ಮಾತ್ರ ಬಿಡಲಿಲ್ಲ. ಹಿಡಿದದ್ದನ್ನು ಹೊಸ್ತಿಲ ಮೇಲಿಂದ ಎಳೆದು ಮೈಮೇಲೆ ಕೆಡವಿಕೊಂಡ ಹಾಗೆ ಕುರ್ಚಿಗೆ ಬಿದ್ದಳು.

ಗೋಡೆಯ ಮೇಲೆ ಮೂರನೇ ದೀಪ ಆರಿತು.

ಒಳಗಡಿಗೆ ನಿಂತಿತ್ತು. ಮಹಾನಂದಾ ಮುದುಕಿಯ ಟೋಪಿ ತೆಗೆದಳು, ನಡುಗಡಿಗೆ ನಿಲ್ಲಿಸಿದಳು, ಆಮೇಲೆ ಹೊರಗಿನದು. ಅವಸರ ಮಾಡಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಒಂದೊಂದಾಗಿ. ಫ್ಯಾನಿನ ಸದ್ದು ಅಡಗಿದ ಮೇಲೆ ಅವಳು ನೆಲದ ಮೇಲೇ ಕೂತಳು.

ಮಲಕಪ್ಪ ಕಣ್ಣು ಬಿಟ್ಟ. ಪಟ್ಟಿ ಬಿಚ್ಚಿದ್ದೇ ತಡ, ಮಂಚದಿಂದ ಉರುಳಿ, ತೆವಳಿಕೊಂಡು ಹೋಗಿ ಕೋಣೆಯ ಬಾಗಿಲನ್ನು ಹಣೆಯಿಂದ ಗುದ್ದತೊಡಗಿದ. ಹಣೆ ಒಡೆದರೂ ನಿಲ್ಲಿಸಲಿಲ್ಲ. ಇಬ್ಬರು ಹಿಡಿದರೂ ನಿಲ್ಲಿಸಲಿಲ್ಲ. “ಬಾಗಲಾ ತಗೀರಿ ಸರ್, ಮೊದಲ ತಗೀರಿ,” ಎಂದಳು ಮಹಾನಂದಾ. ಹಂಚಿನಾಳರು ಬಾಗಿಲು ತೆರೆದರು. ಅವನು ಹೊರಗೆ ಹೋಗಲಿಲ್ಲ. ತೆರೆದ ಬಾಗಿಲನ್ನು ನೋಡುತ್ತ ಹೊಸ್ತಿಲಿಗೆ ಕೆನ್ನೆ ಹಚ್ಚಿ ಮಲಗಿಬಿಟ್ಟ. ನಿಂಬೆವ್ವ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ಅವನನ್ನು ದಾಟಿಯೇ ಹೋದಳು.

“ಆಯಿ, ನಿನ್ನಿಂದ ಉಳದ,” ಎಂದಳು ಮಹಾನಂದಾ.

“ನಾ ತಗದದ್ದು ಸಿದರಾಯಗ,” ಎಂದಳು ಮುದುಕಿ. ತಿರುಗಿ ನೋಡಲಿಲ್ಲ.

ಮರುದಿನ ದಸರೆ. ಇಳಿಹೊತ್ತಿನಲ್ಲಿ ಜೈಲಿನ ಸಿಬ್ಬಂದಿಯೆಲ್ಲ ಬನ್ನಿ ಕೊಡುತ್ತ ತೆಗೆದುಕೊಳ್ಳುತ್ತ ಕಾಲಿಗೆ ಬೀಳುತ್ತ ಓಡಾಡುತ್ತಿದ್ದರು. ಮಹಾನಂದಾ ಯಂತ್ರದ ಕೋಣೆಯಲ್ಲಿ ಒಬ್ಬಳೇ ಇದ್ದಳು. ನಡೆದದ್ದೆಲ್ಲವನ್ನೂ ಮೇಲಿನವರಿಗೆ ಬರೆದು ಕಳಿಸಿಯಾಗಿತ್ತು; ಕೆಲಸ ಉಳಿಯುವ ಆಸೆ ಅವಳಿಗಿರಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ನಿಂಬೆವ್ವ. ಕೈಗೆ ಕಟ್ಟು, ಸೆರಗಿನ ತುದಿಯಲ್ಲಿ ಬನ್ನಿಯ ಗಂಟು.

“ಒಂದು ಕೇಳ್ತೀನಿ ಮಗಳ. ಈ ಯಂತ್ರ ಮತ್ತ ಹಚ್ಚಿದರ ಬಾಗಲಾ ಹಾಕಿರ್ತದೋ, ತಗದಿರ್ತದೋ?”

ಮಹಾನಂದಾ ಆ ದಿಕ್ಕಿನಲ್ಲಿ ಯೋಚಿಸಿಯೇ ಇರಲಿಲ್ಲ. “ತಗದಿರ್ತದ ಆಯಿ. ನಡುಗಡಿಗಿಗೆ ಸಾಕ್ಷಿ ಮಾಡಿದ್ದ ಖರೆ. ನೀ ತಗದಿ ಅಂದ್ರ ಇನ್ನ ಮ್ಯಾಲ ಬಡದಾಗೊಮ್ಮೆ ಅದು ತಗೀತದ.”

“ಹಂಗಿದ್ರ ಒಮ್ಮೆ ಹಚ್ಚು. ಒಳಗ ಯಾರನ್ನೂ ಕೂಡಸಬ್ಯಾಡ. ಸಿದರಾಯ ಒಬ್ಬನ ಓಡಿ ಬರ್ಲಿ.”

ಖಾಲಿ ಓಡಿಸಲು ಅಪ್ಪಣೆ ಬೇಕು. ಬಾಗಿಲಿಗೆ ಬಂದು ನಿಂತಿದ್ದ ಹಂಚಿನಾಳರ ಕಡೆ ಮಹಾನಂದಾ ನೋಡಿದಳು. ಅವರು ಮೂಗು ಒರೆಸಿಕೊಂಡರು. “ರಿಪೇರಿ ಆಗೇದೋ ಇಲ್ಲೋ ಅಂತ ಒಮ್ಮೆ ಹಚ್ಚಿ ನೋಡಬೇಕಾಗ್ತದಲ್ರಿ ಮೇಡಂ. ನಾ ಬ್ಯಾಡಂತ ಎಲ್ಲಿ ಅಂದೀನಿ?”

ಮೂರು ದೀಪ ಹತ್ತಿದವು. ಮಂಚ ಖಾಲಿ, ಕುರ್ಚಿ ಖಾಲಿ. ನೋಡುವುದಕ್ಕೆ ಏನೂ ಇರಲಿಲ್ಲ. ಎಲ್ಲೋ ಲೆಕ್ಕದೊಳಗೆ ಒಬ್ಬ ಹುಡುಗ ಬೇವಿನಮರದ ತಿರುವು ದಾಟುತ್ತಿದ್ದ, ಬೆನ್ನ ಹಿಂದೆ ಕೊಡಲಿ ಬರುತ್ತಿತ್ತು. ನಿಂಬೆವ್ವ ಮೂರನೇ ದೀಪಕ್ಕೆ ಕಣ್ಣು ನೆಟ್ಟು ನಿಂತಿದ್ದಳು. ಅವಳ ಅಂಗೈ ತಾನಾಗಿ ಮೇಲೆದ್ದು ಗಾಳಿಗೆ ಒತ್ತಿಕೊಂಡಿತ್ತು.

ದೀಪ ಆರಿತು.

ಒಳಗಿನ ಯಂತ್ರ ನಿಂತಿದೆ, ದೋಷ ಪತ್ತೆಯಾಗಿದೆ ಎಂದು ಪರದೆಯ ಮೇಲೆ ಬಂತು.

“ಬಂದ,” ಎಂದಳು ನಿಂಬೆವ್ವ. ತಗಡಿನ ಪೆಟ್ಟಿಗೆಗೆ ತಲೆ ಆನಿಸಿ, ದನಿ ತೆಗೆದು ಅತ್ತಳು. ಅಷ್ಟು ದಿನ ಅವಳು ಅತ್ತಿರಲಿಲ್ಲವೆಂದು ಹಳ್ಳಿಯವರು ಆಮೇಲೆ ಹೇಳಿದರು. ಅತ್ತು ಮುಗಿದ ಮೇಲೆ ಗಂಟು ಬಿಚ್ಚಿ, ಒಂದಿಷ್ಟು ಬನ್ನಿಯನ್ನು ಯಂತ್ರದ ಮೇಲೆ, ನಿನ್ನೆಯ ಬಾಡಿದ ಹೂವಿನ ಪಕ್ಕದಲ್ಲಿ ಇಟ್ಟಳು. ಮಹಾನಂದಾಳ ಕೈಗೂ ಒಂದೆಲೆ ಕೊಟ್ಟಳು. ಇನ್ನೊಂದು ಹಿಡಿ ಗಂಟಿನಲ್ಲೇ ಉಳಿದಿತ್ತು.

“ಮಲಕ್ಯಾನ ಖೋಲಿ ಎಲ್ಲದವಾ?” ಎಂದಳು.

ಮಹಾನಂದಾ ಮುಂದೆ ಮುಂದೆ ನಡೆದಳು. ಉದ್ದನೆಯ ಪಡಸಾಲೆಯ ಕೊನೆಯ ಖೋಲಿ. ಒಳಗಿಂದ ಯಾರೋ ಮೆಲ್ಲಗೆ, ಬಿಡದೆ ಬಾಗಿಲು ಬಡಿಯುತ್ತಿದ್ದರು. ನಿನ್ನೆಯಿಂದ ಹೀಗೇ, ನಿದ್ದೆಯಿಲ್ಲ, ಕೂಳಿಲ್ಲ ಎಂದ ಕಾವಲುಗಾರ ದಸ್ತಗೀರ. ನಿಂಬೆವ್ವ ಕಟ್ಟು ಕಟ್ಟಿದ ಕೈಯನ್ನು ಬಾಗಿಲಿನ ಮೇಲಿಟ್ಟಳು. ಒಳಗಿನ ಪೆಟ್ಟು ಅಂಗೈಗೆ ಬಡಿಯುವ ತನಕ ನಿಂತಳು. ಆಮೇಲೆ ದಸ್ತಗೀರನ ಕಡೆ ತಿರುಗಿದಳು.

“ತಗಿಯಪ್ಪಾ,” ಎಂದಳು, “ನನ್ನ ಮಗ ಬಡ್ಯಾಕತ್ತಾನ.”